ಪಕ್ಕದ ಮನೆ ನಾಯಿಗಳೂ ನನ್ನ ಗಂಟಲೂ

ಎಪ್ಪತ್ತರ ದಶಕದ ಕೊನೆಯಲ್ಲಿ ಆರ್.ಟಿ. ನಗರದ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆ ಸೈಟುಗಳೆಲ್ಲ ಪಕ್ಕದ ಮನೆಯ ಎರಡು ನಾಯಿಗಳ ಜಹಗೀರು. ಅವುಗಳ ಯಜಮಾನರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ನಮ್ಮೆಲ್ಲರಿಗೂ ಮಿಲಿಟರಿ ಮಾವ. ಪಾಪ, ದೇವರಂಥ ಮನುಷ್ಯ. ಆದರೆ ನಾಯಿಗೆ ಹಗ್ಗ ಕಟ್ಟಿ ಎಂದರೆ ತಮ್ಮ ಕೊರಳಿಗೇ ಕಟ್ಟಲು ಬಂದವರ ಹಾಗೆ ನೋಡುತ್ತಿದ್ದರು. "ಅವು ಏನೂ ಮಾಡಲ್ಲಮ್ಮಾ, ವೆರಿ ಫ್ರೆಂಡ್ಲಿ!" ನಾಯಿಗಳ ಜೊತೆ ಅವರ ಮಾತೆಲ್ಲ ಇಂಗ್ಲಿಷಿನಲ್ಲೇ. "ಕಮ್ ಹಿಯರ್", "ಸಿಟ್ ಡೌನ್". ಅವಕ್ಕೋ, ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ನಮ್ಮ ರಂಗೋಲಿಯ ಮೇಲೆ ಅವು ಮಲಗುವವು, ಒಣಹಾಕಿದ ಸಂಡಿಗೆ ತುಳಿಯುವವು, ಚಪ್ಪಲಿ ಜೋಡಿಯಲ್ಲಿ ಒಂದನ್ನು ಮಾತ್ರ ಹೊತ್ತೊಯ್ಯುವವು. ಯಾರೋ ಹೇಳಿದರೆಂದು ಅಮ್ಮ ಬಟ್ಟೆಗೆ ಹಾಕುವ ನೀಲಿಯನ್ನು ಬಾಟಲಿ ನೀರಿಗೆ ಕಲಸಿ ಗೇಟಿಗೆ ತೂಗುಹಾಕಿದಳು. ಅದನ್ನು ಕಂಡರೆ ನಾಯಿ ಸುಳಿಯುವುದಿಲ್ಲವಂತೆ. ಕರಿ ನಾಯಿ ಬಂದಿತು, ಬಾಟಲಿಯನ್ನು ಮೂಸಿತು, ಅದರ ಕೆಳಗೇ ಕಾಲೆತ್ತಿ ಹೋಯಿತು. ಅವು ಹೆದರುತ್ತಿದ್ದುದು ನನ್ನ ಗಂಟಲಿಗೆ ಮಾತ್ರ. ಅಡುಗೆಮನೆ ಕಿಟಕಿಯಿಂದ "ಕೂತ್ಕೊಳ್ರೋ ಮುಚ್ಕೊಂಡು!" ಎಂದರೆ ಇದ್ದಲ್ಲೇ ಕುಂಡಿ ಊರುತ್ತಿದ್ದವು.

ಆ ಗಂಟಲೇ ನನಗೆ ಮುಳುವಾಯಿತು. ನನ್ನನ್ನು ನೋಡಲು ಬಂದ ಮೊದಲ ಎರಡು ಕಡೆಯವರೂ "ಹುಡುಗಿ ಬಾಯಿ ಜೋರು" ಎಂದು ಕೈಬಿಟ್ಟರು. ಮೂರನೆಯ ಸಂಬಂಧ ಯಶವಂತಪುರದ್ದು. ಅಪ್ಪ ಊಟ ಸೇರದೆ ಒದ್ದಾಡುತ್ತಿದ್ದರು.

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಅದೂ ಮೆತ್ತಗೆ. ಇದೂ ತಪ್ಪಿದ್ರೆ ನಿಮ್ಮಪ್ಪ ಹಾಸಿಗೆ ಹಿಡೀತಾರೆ ಕಣೇ," ಎಂದಳು ಅಮ್ಮ. ನಾಯಿ ಕಟ್ಟಿಹಾಕಿ ಎಂದು ಮಿಲಿಟರಿ ಮಾವನಿಗೂ ಕೈಮುಗಿದು ಬಂದಳು. ನನಗೂ ಹುಡುಗನ ಫೋಟೊ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ.

ಭಾನುವಾರ ಸಂಜೆ ರೇಷ್ಮೆ ಸೀರೆಯುಟ್ಟು, ಕೇಸರಿಬಾತಿನ ಘಮದ ನಡುವೆ, ಕಿಟಕಿ ಸಂದಿಯಿಂದ ನೋಡುತ್ತಿದ್ದೆ. ಆಟೋದಿಂದ ಹುಡುಗ ಇಳಿದ, ಅವನ ತಾಯಿ ಇಳಿದರು, ಗರಿಗರಿ ಪಂಚೆಯ ತಂದೆ ಇಳಿದರು. ಅದೇ ಹೊತ್ತಿಗೆ, ಹಗ್ಗ ಹರಿಯಿತೋ ಮಾವನ ಮನಸ್ಸು ಕರಗಿತೋ, ಎರಡೂ ನಾಯಿಗಳು ಹಾರಿ ಬಂದವು. ಕೆಂದು ನಾಯಿ ತಂದೆಯವರ ಪಂಚೆಗೇ ಬಾಯಿ ಹಾಕಿತು.

"ನೋ! ನೋ! ಬ್ಯಾಡ್ ಬಾಯ್!" ಎಂದು ಮಾವ ಓಡಿ ಬಂದರು. ಅದು ಇನ್ನಷ್ಟು ಎಳೆಯಿತು. ಅಪ್ಪ ಛತ್ರಿ ಹಿಡಿದು ಗೇಟಿನ ಈಚೆಯೇ ಕುಣಿಯುತ್ತಿದ್ದರು. ಪಂಚೆ ಸೊಂಟದಿಂದ ಜಾರುತ್ತಿತ್ತು. ಅಯ್ಯೋ ರಾಮ, ಬಾಯಿ ಬಿಟ್ಟರೆ ಮದುವೆ ಹೋಗುತ್ತದೆ, ಬಿಡದಿದ್ದರೆ ಅವರ ಮಾನ ಹೋಗುತ್ತದೆ! ಬೇಡ ಎಂದು ತಲೆಯಾಡಿಸುತ್ತ ಅಮ್ಮ ನನ್ನ ಕೈ ಹಿಡಿದಳು. ಬಿಡಿಸಿಕೊಂಡು ಬಾಗಿಲಿಗೆ ಬಂದೆ.

"ಏಯ್! ಕೂತ್ಕೊಳ್ರೋ ಮುಚ್ಕೊಂಡು!"

ನಾಯಿಗಳು ಕೂತವು. ಹುಡುಗನ ತಂದೆಯೂ ಪಂಚೆ ಹಿಡಿದುಕೊಂಡು ಇದ್ದಲ್ಲೇ ಕೂತುಬಿಟ್ಟರು. ಮಿಲಿಟರಿ ಮಾವ ಅಟೆನ್ಷನ್ನಿನಲ್ಲಿ ನಿಂತರು.

ಮುಗಿಯಿತು ಎಂದುಕೊಂಡೆ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅಳು ಬಾಯಿಗೆ ಬಂದಿತ್ತು. ಅಪ್ಪ ತಲೆ ಎತ್ತಲಿಲ್ಲ. ಆವರೆಗೆ ಒಂದು ಮಾತೂ ಆಡದ ಹುಡುಗನ ತಾಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನೋ ಅಂದರು. ದನಿ ಎಷ್ಟು ಸಣ್ಣದೆಂದರೆ, ಬಗ್ಗಿ ಕಿವಿಗೊಡಬೇಕಾಯಿತು.

"ಮದ್ವೆ ಆದಾಗಿಂದ ಇವ್ರು ನನ್ ಮಾತಿಗೆ ಒಂದ್ಸಲಾನೂ ಕೂತಿಲ್ಲ ಕಣಮ್ಮ. ನಮ್ಮನೆಗೇ ಬಂದ್ಬಿಡು."