ಡೇರಿ ಲತಾಮಣಿಯ ಬಯೋಡೇಟಾ

ರಾಮನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ತಿರುಗಿದರೆ ತಿರುಗಿತು ಅನ್ನುವಂಥ ಒಂದು ಫ್ಯಾನು. ನನ್ನ ಹೆಸರು ಹಾಜಿರಾ. ಗಿರಾಕಿಗಳಿಗೆ ಮಾತ್ರ ನಾನು ಜೆರಾಕ್ಸ್ ಅಕ್ಕ. ಬಾಯಿ ಜೋರು ಎಂದು ಬೀದಿಯವರು ಹೇಳುತ್ತಾರೆ, ಅದೇನೂ ಸುಳ್ಳಲ್ಲ.

ಬಿಡದಿ ಕಡೆ ಒಂದೊಂದೇ ಕಾರ್ಖಾನೆ ಎದ್ದ ಮೇಲೆ ನನಗೆ ಬಯೋಡೇಟಾಗಳ ಸುಗ್ಗಿ. ಮಾಗಡಿಯಿಂದ, ಚನ್ನಪಟ್ಟಣದಿಂದ, ಹಳ್ಳಿಹಳ್ಳಿಗಳಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ನಾನು ಮಾಡುತ್ತಿದ್ದದ್ದು ಮಹಾ ಸೋಮಾರಿ ಕೆಲಸ. ಕಂಪ್ಯೂಟರಿನಲ್ಲಿ ಒಂದೇ ಒಂದು ಬಯೋಡೇಟಾ ಇಟ್ಟುಕೊಂಡಿದ್ದೆ. ಬಂದವರ ಹೆಸರು, ತಂದೆಯ ಹೆಸರು, ಊರು, ಮಾರ್ಕ್ಸು ಇಷ್ಟನ್ನು ಬದಲಾಯಿಸಿ ಪ್ರಿಂಟ್ ಕೊಟ್ಟು ಕಳಿಸುತ್ತಿದ್ದೆ. ಉಳಿದದ್ದೆಲ್ಲ ಎಲ್ಲರಿಗೂ ಒಂದೇ ಅಚ್ಚು. ಎಲ್ಲರೂ ಕಷ್ಟಪಟ್ಟು ದುಡಿಯುವವರೇ, ಎಲ್ಲರಿಗೂ ಕ್ರಿಕೆಟ್ ಆಡುವ ಹವ್ಯಾಸವೇ. ರೇಷ್ಮೆ ನೂಲು ತೆಗೆಯುವ ಬದ್ರುನ್ನೀಸಾಳ ಬಯೋಡೇಟಾದಲ್ಲೂ ಕ್ರಿಕೆಟ್ ಇತ್ತು. ಪಾಪ, ಅವಳು ಜನ್ಮದಲ್ಲಿ ಬ್ಯಾಟು ಮುಟ್ಟಿದವಳಲ್ಲ.

ರಾಮನಗರ ಜಿಲ್ಲೆಯಾದ ಮರುವರ್ಷ, ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಲತಾಮಣಿ ಬಂದಳು. ಕೂಟಗಲ್ ಹೋಬಳಿಯ ಒಂದು ಹಳ್ಳಿಯ ಸೊಸೆ. ಹಳ್ಳಿಯ ಹೆಸರು ಹೇಳುವುದಿಲ್ಲ, ಅಲ್ಲಿನ ಡೇರಿಯವರು ನನ್ನ ಅಂಗಡಿಗೇ ಜಗಳಕ್ಕೆ ಬಂದಾರು. ವಯಸ್ಸು ಮೂವತ್ತೋ ಮೂವತ್ತೆರಡೋ. ಗಂಡ ಕನಕಪುರದ ಕಡೆ ಕಲ್ಲಿನ ಲಾರಿ ಓಡಿಸುತ್ತಾನೆ, ವಾರಕ್ಕೊಂದು ಸಲ ಮನೆಗೆ ಬರುತ್ತಾನೆ. ಅವಳ ಕೈಯಲ್ಲಿ ಪೇಪರಿನಿಂದ ಕತ್ತರಿಸಿದ ಒಂದು ಚೂರಿತ್ತು.

ಹಾಲಿನ ಫ್ಯಾಟ್ ಅಳೆಯುವ ಮಿಷನ್ ಮಾಡುವ ಕಂಪನಿಯೊಂದು ಬಿಡದಿಯಲ್ಲಿ ಹೊಸದಾಗಿ ಶುರುವಾಗಿತ್ತು. ಅವರಿಗೆ ಸಪೋರ್ಟ್ ಸ್ಪೆಷಲಿಸ್ಟ್ ಬೇಕಂತೆ. ಹಳ್ಳಿಯ ಡೇರಿಗಳಲ್ಲಿ ಮಿಷನ್ ಕೈಕೊಟ್ಟಾಗ ಅಲ್ಲಿಯವರು ಫೋನ್ ಮಾಡುತ್ತಾರೆ, ಏನು ಮಾಡಬೇಕೆಂದು ಕನ್ನಡದಲ್ಲಿ ಹೇಳಿಕೊಡಬೇಕು. ಪಿಯುಸಿ ಆಗಿರಬೇಕು, ಮಿಷನ್ ಜೊತೆ ಐದು ವರ್ಷ ಕೆಲಸ ಮಾಡಿರಬೇಕು. ಶನಿವಾರದೊಳಗೆ ಬಯೋಡೇಟಾ ತಲುಪಬೇಕು.

"ಪಿಯುಸಿ ಆಗೈತೆ ಅಕ್ಕ. ಮಿಷನ್ ಕೆಲ್ಸ ಒಂಬತ್ತು ವರ್ಸದಿಂದ ಮಾಡ್ತಾವ್ನಿ," ಅಂದಳು.

ನಾನು ಎಂದಿನಂತೆ ಐದು ನಿಮಿಷದಲ್ಲಿ ಪ್ರಿಂಟ್ ತೆಗೆದು ಮುಂದಿಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಕ್ಕ, ಇದ್ರಲ್ಲಿ ಹೆಸ್ರು ಬುಟ್ರೆ ನಾನೆಲ್ಲೂ ಇಲ್ವಲ್ಲ."

ನನಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಏನೋ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಬೈರಾಪಟ್ಟಣದ ಕಡೆಯ ಡೇರಿಯೊಂದರಿಂದ ತಿಮ್ಮಯ್ಯ ಎನ್ನುವವರು ಫೋನ್ ಮಾಡಿದ್ದರು.

"ಯೋಳಿ ತಿಮ್ಮಯ್ಯಣ್ಣ. ಎಲ್ರ ಹಾಲ್ಗೂ ಒಂದೇ ಫ್ಯಾಟ್ ತೋರುಸ್ತೈತಾ? ಗಾಬ್ರಿ ಆಗ್ಬ್ಯಾಡಿ, ಸಂಜೆ ಹಾಲ್ಗೆ ಇನ್ನೂ ಹೊತ್ತೈತೆ. ಟೆಸ್ಟ್‌ಗೆ ಅಂತ ಪುಡಿ ಕಲ್ಸಿದ್ ನೀರು ಯಾವತ್ತಿಂದು? ಮೊನ್ನೇದಾ? ಚೆಲ್ಬುಡಿ ಅದ್ನ. ಹೊಸಾದು ಕಲ್ಸಿ. ಮಿಷನ್‌ಗೆ ಬರೀ ಅದನ್ನೇ ಎಲ್ಡು ಸಲ ಕುಡ್ಸಿ. ಸೊನ್ನೆ ತೋರ್ಸೋಗಂಟ ಹಾಲು ಹಾಕ್ಬ್ಯಾಡಿ. ಮಾಡಿ, ನಾನು ಲೈನಲ್ಲೇ ಇರ್ತೀನಿ."

ಹತ್ತು ನಿಮಿಷ ಕಿವಿಗೆ ಫೋನಿಟ್ಟುಕೊಂಡು ನಿಂತಿದ್ದಳು. ಆ ಮನುಷ್ಯ ಅತ್ತ ಏನೋ ತಪ್ಪು ಮಾಡಿದ, ಇವಳು ಬೇಸರಪಡಲಿಲ್ಲ, ಮತ್ತೆ ಮೊದಲಿಂದ ಹೇಳಿದಳು. ಕೊನೆಗೆ "ಸೊನ್ನೆ ಬಂತಾ? ಹ್ಞೂಂ, ಅಷ್ಟೇಯ," ಎಂದು ಫೋನಿಟ್ಟಳು. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಆ ಪ್ರಿಂಟನ್ನು ಹರಿದು ಹಾಕಿದೆ.

"ಹಿಂಗೆ ಎಷ್ಟು ಊರವರು ಫೋನ್ ಮಾಡ್ತಾರೆ?"

"ಹದಿನೇಳೂರು ಅಕ್ಕ."

"ಯಾಕೆ ನಿಂಗೇ ಮಾಡ್ತಾರೆ?"

"ಮೆಕ್ಯಾನಿಕ್ ಬರೋದು ವಾರಕ್ಕೆ. ಅಲ್ಲೀಗಂಟ ಹಾಲು ವಾಪಸ್ ಕಳ್ಸಕ್ಕಾಯ್ತದಾ? ಒಬ್ರಿಗೆ ಯೋಳ್ಕೊಟ್ಟೆ, ಅವ್ರು ಇನ್ನೊಬ್ರಿಗೆ ನಂಬರ್ ಕೊಟ್ರು."

ಅವಳು ಹೇಳಿದ್ದನ್ನೇ ಬರೆದೆ. ಇಂಗ್ಲಿಷಿಗೆ ಆಮೇಲೆ ತಿರುಗಿಸಿದರಾಯಿತು ಎಂದು ಮೊದಲು ಕನ್ನಡದಲ್ಲೇ ಬರೆದೆ. ಹದಿನೇಳು ಊರಿನ ಹೆಸರು, ಯಾವ ಊರಲ್ಲಿ ಮಿಷನ್ನಿಗೆ ಏನಾಗಿತ್ತು, ಇವಳು ಏನು ಹೇಳಿದಳು, ಎಷ್ಟು ಹೊತ್ತಲ್ಲಿ ಸರಿಹೋಯಿತು. ಕ್ರಿಕೆಟ್ ತೆಗೆದೆ. ಓದಿದರೆ ಲತಾಮಣಿಯೇ ಎದುರು ನಿಂತು ಮಾತಾಡಿದ ಹಾಗಿತ್ತು, ನನಗೆ ಬಹಳ ಖುಷಿಯಾಯಿತು.

"ಈಗ ಡೇರಿಯಲ್ಲಿ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟ್ ಕೊಡು."

ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಕೊಟ್ಟಳು. ಅದರಲ್ಲಿದ್ದ ಸರ್ಟಿಫಿಕೇಟುಗಳೆಲ್ಲ ಮರಿಯಪ್ಪ ಎನ್ನುವವರ ಹೆಸರಿನಲ್ಲಿದ್ದವು. ತಾಲೂಕಿಗೇ ಉತ್ತಮ ಹಾಲು ಪರೀಕ್ಷಕ ಎಂದು ಕೊಟ್ಟ ಪ್ರಶಸ್ತಿಪತ್ರವೂ ಅವರದ್ದೇ.

"ಯಾರಿದು?"

"ನಮ್ ಮಾವ."

ಬಿಡಿಸಿ ಕೇಳಿದರೆ ಕಥೆ ಇಷ್ಟು. ಡೇರಿಯ ಟೆಸ್ಟರ್ ಕೆಲಸ ಇದ್ದದ್ದು ಮಾವನ ಹೆಸರಿನಲ್ಲಿ. ಮಿಷನ್ ಬಂದ ಕಾಲಕ್ಕೆ ಅವರ ಕಣ್ಣು ಮಂಜಾಗಿತ್ತು, ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಮನೆಗೆ ಹೊಸದಾಗಿ ಬಂದಿದ್ದ ಸೊಸೆ ಓದಿದವಳು, ಒಂದಿನ ಜೊತೆಗೆ ಹೋದಳು. ಆ ಒಂದಿನ ಒಂಬತ್ತು ವರ್ಷವಾಯಿತು. ದಿನಕ್ಕೆರಡು ಹೊತ್ತು ಕೆಲಸ ಇವಳದು, ರಿಜಿಸ್ಟರಿನಲ್ಲಿ ಸಹಿ ಅವರದು. ಊರಿನಲ್ಲಿ ಅವರಿಗೆ ಟೆಸ್ಟರ್ ಮರಿಯಪ್ಪ ಎಂದೇ ಹೆಸರು. ಮಾರ್ಚಿಯಲ್ಲಿ ಅವರು ರಿಟೈರ್ ಆಗುತ್ತಾರೆ, ಡೇರಿಯ ಮುಂದೆ ಶಾಮಿಯಾನ ಹಾಕಿ ಸನ್ಮಾನ ಮಾಡುತ್ತಾರಂತೆ. ಆ ಕೆಲಸ ಡೇರಿ ಅಧ್ಯಕ್ಷರ ತಮ್ಮನ ಮಗನಿಗೆ ಹೋಗುತ್ತದಂತೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

"ನಿನ್ನ ಮಾವನ ಹತ್ರ ಒಂದು ಕಾಗದ ಬರೆಸಿಕೊಂಡು ಬಾ, ಕೆಲಸ ಮಾಡಿದ್ದು ಇವಳೇ ಅಂತ," ಅಂದೆ.

"ಬ್ಯಾಡಿ ಅಕ್ಕ. ಅವ್ರ್ ಮರ್ವಾದೆ ಹೋಯ್ತದೆ. ಬೇಕಾರೆ ಡೇರಿ ವಿಸ್ಯನೇ ಬುಟ್ಬುಡಿ."

"ಡೇರಿ ಬಿಟ್ಟರೆ ನೀನು ಯಾರು ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು? ಮಾರ್ಚಿ ಆದ್ಮೇಲೆ ಏನು ಮಾಡ್ತೀಯ?"

"ಮಾಡಾದೇನು? ಹಸಾ ಎಲ್ಡವೆ, ಸಗಣಿ ಬಾಚ್ಕಂಡಿರ್ತೀನಿ," ಎಂದು ನಕ್ಕಳು. ಬಸ್ಸಿನ ಹೊತ್ತಾಯಿತು ಎಂದು ಅವಳು ಕವರನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೊರಟುಹೋದಳು.

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಪ್ರಶಸ್ತಿಪತ್ರದ ಕೆಳಗೆ ಡೇರಿಯ ಫೋನ್ ನಂಬರಿತ್ತು. ಸಂಜೆ ಮಾಡಿದೆ. ಮರಿಯಪ್ಪನವರೇ ಸಿಕ್ಕರು. ಅಂಗಡಿಯ ಗುರುತು ಹೇಳಿ, "ಯಜಮಾನ್ರೇ, ನಿಮ್ಮ ಸೊಸೆಯ ಒಂಬತ್ತು ವರ್ಷ ನಿಮ್ಮ ಸರ್ಟಿಫಿಕೇಟಿನ ಕವರಿನಲ್ಲಿ ಕೂತಿದೆ, ಬಂದು ಬಿಡಿಸಿಕೊಡಿ," ಅಂದುಬಿಟ್ಟೆ. ಅವರು ಫೋನಿಟ್ಟುಬಿಟ್ಟರು. ಆ ಹುಡುಗಿಗೆ ಮನೆಯಲ್ಲಿ ಏನು ಕಾದಿದೆಯೋ ಎಂದು ಆಗ ಭಯವಾಯಿತು. ಬಾಯಿ ಕಟ್ಟಿಕೊಳ್ಳಲಾರದ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಮರುದಿನ ಹನ್ನೊಂದಕ್ಕೆ ಬಿಳಿ ಪಂಚೆಯ, ದಪ್ಪ ಕನ್ನಡಕದ ಹಿರಿಯರೊಬ್ಬರು ಒಳಗೆ ಬಂದರು. ಬೆನ್ನು ನೆಟ್ಟಗಿತ್ತು. ಜಗಳಕ್ಕೆ ನಾನೂ ತಯಾರಾದೆ.

"ನೀನೇನವ್ವ ಫೋನ್ ಮಾಡ್ದೋಳು? ಅದೇನ್ ಬರ್ದಿದ್ದೀಯೋ ಓದು," ಅಂದರು.

ಓದಿದೆ. ಊರುಗಳ ಹೆಸರು ಒಂದೊಂದಾಗಿ ಬರುತ್ತಿದ್ದ ಹಾಗೆ ಅವರ ಮುಖ ಬದಲಾಯಿತು. "ಚನ್ನಪಟ್ಟಣದ್ ಕಡೆಯೋರೂ ಕೇಳ್ತಾರಾ? ನಂಗೆ ಯೋಳೇ ಇಲ್ವಲ್ಲ," ಅಂದರು. ಹದಿನೇಳೂ ಮುಗಿದ ಮೇಲೆ ಕೇಳಿದರು:

"ಇದ್ರಲ್ಲಿ ನಮ್ ಡೇರಿ ಎಲ್ಲೈತೆ?"

"ಬೇಡ ಅಂದ್ಲು. ನಿಮ್ಮ ಮರ್ಯಾದೆ ಹೋಗುತ್ತಂತೆ."

"ಹಾಕು," ಅಂದರು. "ಒಂಬತ್ತು ವರ್ಸ ಅಂತ್ಲೇ ಹಾಕು. ಕೇಳೋರಿದ್ರೆ ನನ್ನೇ ಕೇಳ್ಲಿ. ಕೆಳ್ಗೆ ನನ್ ಹೆಸ್ರು, ಡೇರಿ ನಂಬ್ರು ಬರಿ."

"ಸನ್ಮಾನ ಐತಂತೆ ಯಜಮಾನ್ರೇ. ಊರಿಗೆ ಗೊತ್ತಾದರೆ?"

"ಊರ್ಗೆ ಗೊತ್ತಿಲ್ಲ ಅಂದ್ಕಂಡಿದ್ದೀಯಾ? ಎಲ್ರಿಗೂ ಗೊತ್ತು ಕಣವ್ವ. ನನ್ ಬಾಯಿಂದ ಬಂದಿಲ್ಲ, ಅಷ್ಟೇಯ."

ಇಂಗ್ಲಿಷಿಗೆ ತಿರುಗಿಸಿ, ಅವರ ಹೆಸರನ್ನು ಕೆಳಗೆ ಹಾಕಿ, ಲಕೋಟೆ ಅವರ ಕೈಗೇ ಕೊಟ್ಟೆ. ಅಂಚೆಯನ್ನು ನಂಬದೆ ಬಿಡದಿ ಬಸ್ಸು ಹತ್ತಿ ಅವರೇ ಹೋಗಿ ಕಂಪನಿಯ ಗೇಟಿನಲ್ಲಿ ಕೊಟ್ಟರಂತೆ.

ಮಾರ್ಚಿಯಲ್ಲಿ ಶಾಮಿಯಾನ ಏಳಲಿಲ್ಲ, ಸನ್ಮಾನ ನಡೆಯಲಿಲ್ಲ. ಯಾಕೆಂದರೆ ಅದಕ್ಕೆ ಮೊದಲೇ ಕಂಪನಿಯಿಂದ ಡೇರಿಗೆ ಫೋನ್ ಬಂದಿತ್ತು. ಡೇರಿಯವರು ಸಿಗುವುದು ಹಾಲಿನ ಹೊತ್ತಿಗೇ ಎಂದು ಅವರಿಗೂ ಗೊತ್ತು, ಬೆಳಿಗ್ಗೆಯೇ ಮಾಡಿದ್ದರು. ಇದನ್ನು ನನಗೆ ಲತಾಮಣಿಯೇ ಬಂದು ಹೇಳಿದಳು.

ಕ್ಯಾನು ಹಿಡಿದು ನಲವತ್ತು ಜನ ಸಾಲಾಗಿ ನಿಂತಿದ್ದರಂತೆ. ಅಧ್ಯಕ್ಷರೂ ಇದ್ದರಂತೆ. ಮರಿಯಪ್ಪ ರಿಜಿಸ್ಟರ್ ಮುಂದೆ ಕುರ್ಚಿಯಲ್ಲಿ ಕೂತು ಫೋನ್ ಎತ್ತಿದರು. ಆ ಕಡೆಯವರು ಏನು ಕೇಳಿದರೋ, ಇವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇಲ್ಲ ಸಾ, ನಾನಲ್ಲ. ಸಹಿ ನಂದು, ಸಂಬ್ಳ ತಗಂಡೋನು ನಾನು. ಕೆಲ್ಸ ಮಾಡ್ದೋಳು ನನ್ ಸೊಸೆ. ಆ ಪ್ರಶಸ್ತಿನೂ ಅವಳ್ದೇಯ."

ಅವರು ಕುರ್ಚಿಯಿಂದ ಎದ್ದು ರಿಸೀವರನ್ನು ಇವಳ ಕಡೆ ಚಾಚಿದರು. "ನಿನ್ನೇ ಕೇಳ್ತಾವ್ರೆ. ಕುಂತ್ಕಂಡು ಮಾತಾಡು," ಅಂದರು. ಮಾವನೆದುರು ಸೊಸೆ ಕುರ್ಚಿಯಲ್ಲಿ ಕೂರುವ ಪದ್ಧತಿ ಆ ಮನೆಯಲ್ಲಿಲ್ಲ, ಆ ಊರಲ್ಲೂ ಇಲ್ಲ. ಇವಳು ಹಿಂದೆಗೆದಳು. ಅವರು ಇನ್ನೊಂದು ಸಲ ಹೇಳಿದರು.

"ಕುಂತ್ಕಂಡೆ ಅಕ್ಕ," ಅಂದಳು ಲತಾಮಣಿ. "ಸೋಮವಾರದಿಂದ ಬತ್ತೀರಾ ಅಂತ ಕೇಳುದ್ರು. ಬತ್ತೀನಿ ಸಾ ಅಂದೆ. ಮಾತು ಮುಗಿಯೋಗಂಟ ನಮ್ ಮಾವ ನಿಂತೇ ಇದ್ರು."