ಕುರ್ಚಿಯಡಿಯ ವಿಳಾಸ

ನಮ್ಮಕ್ಕ ಹಳೇ ಕುರ್ಚಿಗಳಿಗೆ ಬೆತ್ತ ಹೆಣೀತಾಳೆ. ಊರೆಲ್ಲ ಕರೆಯೋದೇ ಕುರ್ಚಿಯಕ್ಕ ಅಂತ. ಹೆಣೆದು ಮುಗಿದ ಪ್ರತಿ ಕುರ್ಚಿಯ ಅಡಿಗೂ ಬಟ್ಟೆ ಚೀಟಿಯೊಂದನ್ನ ಮೊಳೆ ಹೊಡೆದು ಕೂರಿಸ್ತಾಳೆ. ಚೀಟಿಯಲ್ಲೊಂದು ಚಿಕ್ಕ ಲಿಂಕ್. ಫೋನಲ್ಲಿ ಹಾಕಿದ್ರೆ ಅವಳ ಕೆಲಸದ ಫೋಟೋ, ನಂಬರು ಎಲ್ಲ ಬರಬೇಕು.

ಆ ಲಿಂಕ್ ಮಾಡಿಕೊಟ್ಟ ಮಹಾನುಭಾವ ನಾನೇ, ಅವಳ ತಮ್ಮ. ಪುಕ್ಕಟೆ ಸಿಕ್ಕಿದ್ರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋ ಪೈಕಿ ನಾನು. ಲಿಂಕನ್ನ ಬಿಟ್ಟಿ ಕೊಡೋ ಯಾವುದೋ ಕಂಪನಿಯದು ತಂದಿದ್ದೆ. ಅಕ್ಷರ, ಅಂಕಿ ಕಲಸಿಟ್ಟ ಹಾಗಿತ್ತು. ಅವಳ ಹೆಸರಿನ ಸುಳಿವೇ ಇರಲಿಲ್ಲ.

ಗ್ರಂಥಾಲಯದವರು ಹೆಣೆಯೋಕೆ ಅರವತ್ತು ಕುರ್ಚಿ ಕೊಡ್ತೀವಿ ಅಂತ ಹೇಳಿ, ಮೊದಲು ಒಂದನ್ನ ಮಾದರಿಗೆ ಹೆಣೆಸಿಕೊಂಡ್ರು. ಲೈಬ್ರರಿಯನ್ ಮೇಡಂ ಚೀಟಿ ನೋಡಿ ಲಿಂಕ್ ಹಾಕಿದ್ದಾರೆ. ಬಂದದ್ದು ಜೂಜಿನ ಜಾಹೀರಾತು! ಬಿಟ್ಟಿ ಕಂಪನಿ ಬಾಗಿಲು ಹಾಕಿ, ಆ ಲಿಂಕಿನ ವಿಳಾಸ ಇನ್ಯಾರದೋ ಪಾಲಾಗಿತ್ತು.

"ಮಕ್ಕಳು ಕೂರೋ ಕುರ್ಚಿರೀ ಇದು. ನಾವು ಬೇರೆಯವರನ್ನ ನೋಡ್ಕೋತೀವಿ," ಅಂದ್ರು ಮೇಡಂ.

ಅಕ್ಕನಿಗದು ಆರು ತಿಂಗಳ ಕೆಲಸ. ಭೂಮಿ ಬಾಯಿಬಿಡಬಾರದೇ ಅನ್ನಿಸ್ತು ನನಗೆ. ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ.

"ನಮ್ಮದೇ ವಿಳಾಸ ಕೊಂಡ್ಕೋ. ಕುರ್ಚಿಯಕ್ಕ ಅಂತಲೇ ಇರಬೇಕು. ನಾಳೆ ಫೋಟೋಗಳನ್ನ ಎಲ್ಲಿಗೆ ಎತ್ತಿಟ್ರೂ ಚೀಟಿ ಮೇಲಿನ ಲಿಂಕ್ ಬದಲಾಗಬಾರದು."

ಕೊಂಡೆ. ಅವಳು ಹೊಸ ಚೀಟಿಗಳನ್ನ ಹೊಲಿದು, ಬಟ್ಟೆಯಲ್ಲಿ ಗಂಟು ಕಟ್ಟಿದಳು.

"ಇನ್ಮೇಲಿನ ಕುರ್ಚಿಗೆ ಹೊಡೆದ್ರೆ ಸಾಲದಾ ಅಕ್ಕ?"

"ಹಳೇವನ್ನೇನು ನಮ್ಮ ತಾತ ಹೆಣೆದಿದ್ನಾ? ಸ್ಕೂಟರ್ ತೆಗಿ."

ನೂರಾ ನಲವತ್ತು ಮನೆ. ಕೆಲವರು ನಕ್ಕರು, ಕೆಲವರು ಬಾಗಿಲೇ ತೆಗೀಲಿಲ್ಲ. ಅಂಥ ಮನೆಗೆ ಮತ್ತೆ ಹೋದಳು. ಮೂರನೇ ವಾರ ಒಬ್ಬ ಅಜ್ಜಿಯ ಮನೆ ಬೆಲ್ ಒತ್ತಿದರೆ, ಬಾಗಿಲು ತೆಗೆದವರು ಅದೇ ಮೇಡಂ! ಅಜ್ಜಿ ಅವರ ತಾಯಿಯಂತೆ.

"ಶಿಫಾರಸಿಗೆ ಮನೆವರೆಗೂ ಬಂದ್ರಾ?"

"ನಿಮ್ಮ ಮನೆ ಅಂತಲೇ ಗೊತ್ತಿರಲಿಲ್ಲ ಮೇಡಂ. ಇಲ್ಲಿರೋ ಕುರ್ಚಿಯಲ್ಲಿ ನನ್ನ ಹಳೇ ಚೀಟಿ ಇದೆ. ಬದಲಾಯಿಸಿ ಹೋಗ್ತೀನಿ, ಅಷ್ಟೇ."

ಅಜ್ಜಿಯನ್ನ ಎಬ್ಬಿಸಿ, ಕುರ್ಚಿ ಮಗುಚಿ, ನೆಲಕ್ಕೆ ಮಂಡಿಯೂರಿ ಮೊಳೆ ಕಿತ್ತಳು. ಹೊಸ ಚೀಟಿ ಕೂತ ತಕ್ಷಣ ಮೇಡಂ ಬಗ್ಗಿ ನೋಡಿ, ಲಿಂಕನ್ನ ಫೋನಲ್ಲಿ ಹಾಕಿದರು. ಅಕ್ಕ ಹೆಣೆದ ಕುರ್ಚಿಗಳ ಫೋಟೋ ಸಾಲು ತೆರೆದುಕೊಂಡಿತು.

"ಅಯ್ಯೋ, ಇದು ನಂದೇ ಕಣೇ!" ಅಂದ್ರು ಅಜ್ಜಿ.

ಮೇಡಂ ಅಕ್ಕನ ಚೀಟಿ ಗಂಟು ನೋಡಿದರು. "ಇನ್ನೆಷ್ಟು ಮನೆ ಇದೆ?"

"ಮೂವತ್ತೊಂದು."

"ಮುಗಿಸ್ಕೊಂಡು ಬನ್ನಿ. ನಮ್ಮ ಕುರ್ಚಿ ನಿಮಗೇ."

ಗೇಟಿನ ಹತ್ತಿರ ನಾನು ಕುಣಿಯೋದೊಂದು ಬಾಕಿ. "ಕೆಲಸ ಸಿಕ್ತಲ್ಲ ಅಕ್ಕ, ಉಳಿದವನ್ನ ಬಿಡೋಣ!"

ತಲೆಗೊಂದು ಮೊಟಕಿ, ಗಂಟನ್ನ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

"ಮೂವತ್ತೊಂದು. ನಡಿ."