ಈಸಲು ಎದ್ದ ಸಂಜೆ

ನಾಗರಬಾವಿಯ ಆ ಪಾರ್ಕು ಒಂದು ಕಾಲಕ್ಕೆ ವೆಂಕಟಲಕ್ಷ್ಮಮ್ಮನ ತವರಿನವರ ರಾಗಿ ಹೊಲ. ಮೂಲೆಯ ಹುತ್ತದ ಹತ್ತಿರ ನೇಗಿಲು ಸುಳಿಯಲು ಅವ್ವ ಬಿಡುತ್ತಿರಲಿಲ್ಲ. ಭಕ್ತಿಗಲ್ಲ, ಬಾಯಿ ಚಪಲಕ್ಕೆ. ಮುಂಗಾರಿನ ಮೊದಲ ಮಳೆ ನಿಂತ ಸಂಜೆ ಅದರಿಂದ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಹೊಗೆಯಂತೆ ಏಳುತ್ತಿತ್ತು. ಅವ್ವ ದೀಪದಡಿ ನೀರಿನ ಬೋಗುಣಿ ಇಟ್ಟು ಹಿಡಿದು, ಹುರಿದು, ಮೊರದಲ್ಲಿ ರೆಕ್ಕೆ ಕೇರಿ, ಹುರಿಗಡಲೆ ಉಪ್ಪು ಖಾರ ಬೆರೆಸಿ ಮಗಳ ಮಡಿಲಿಗೆ ಸುರಿಯುತ್ತಿದ್ದಳು. ಹೊಲ ಹೋಯಿತು, ಅವ್ವನೂ ಹೋದಳು. ಉಳಿದದ್ದು ಆ ಹುತ್ತ, ವರ್ಷಕ್ಕೊಂದು ಬೊಗಸೆ ಈಸಲು. ಆ ರುಚಿಯಲ್ಲಿ ಮಾತ್ರ ಆಕೆಗೆ ಅವ್ವ ಸಿಗುತ್ತಿದ್ದಳು.

ಹೋದ ದೀಪಾವಳಿ ಕಳೆದ ಮೇಲೆ ಬಡಾವಣೆ ಸಂಘದ ಕಾರ್ಯದರ್ಶಿ ಸುಧೀಂದ್ರನ ಮನೆ ಬಾಗಿಲಿಗೆ ಗೆದ್ದಲು ಹಿಡಿಯಿತು. ತೇಗದ ಬಾಗಿಲು, ಹೊಟ್ಟೆ ಉರಿಯದೆ ಇರುತ್ತದೆಯೇ? ಹುತ್ತಕ್ಕೆ ಔಷಧಿ ಸುರಿಯುವವರನ್ನೇ ಕರೆತಂದ. ವೆಂಕಟಲಕ್ಷ್ಮಮ್ಮ ಕೈಮುಗಿದಳು, ಕಾಲಿಗೂ ಬಿದ್ದಳು. ಈಸಲು ತಿನ್ನುತ್ತೇನೆ ಎಂದರೆ ಎಲ್ಲರೂ ಮುಖ ಸಿಂಡರಿಸಿದರು. ಪಂಪಿನ ಪೈಪು ಹುತ್ತದ ಬಾಯಿಗೆ ಹೋದಾಗ ಆಕೆಗೆ ದಿಕ್ಕೇ ತೋಚಲಿಲ್ಲ.

"ಬೇಡಿ ಸಾರ್. ಬೆಳಗ್ಗೆ ನಾಗಪ್ಪ ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದೀನಿ."

ಹುಟ್ಟಿದಾಗಿನಿಂದ ಅಲ್ಲಿ ಹಾವಿನ ಪೊರೆಯನ್ನೂ ಕಂಡವಳಲ್ಲ. ಆದರೂ ಸುಧೀಂದ್ರ ಚಪ್ಪಲಿ ಬಿಟ್ಟ. ವಾರದೊಳಗೆ ಹುತ್ತಕ್ಕೆ ಅರಿಶಿನ ಕುಂಕುಮ ಬಿತ್ತು, ಶುಕ್ರವಾರದ ಪೂಜೆ ಶುರುವಾಯಿತು. ನಾಗಪ್ಪ ಮಾತ್ರ ಒಮ್ಮೆಯೂ ದರ್ಶನ ಕೊಡಲಿಲ್ಲ, ಅದನ್ನು ಯಾರೂ ಕೊರತೆ ಎಂದುಕೊಳ್ಳಲಿಲ್ಲ.

ಈ ವರ್ಷದ ಮೊದಲ ಮಳೆ ಶುಕ್ರವಾರವೇ ಬರಬೇಕೆ? ವೆಂಕಟಲಕ್ಷ್ಮಮ್ಮ ಸೆರಗಿನಡಿ ನೀರಿನ ಬೋಗುಣಿ ಹಿಡಿದು ಹೋದರೆ ಅಲ್ಲಿ ಮಂಗಳಾರತಿ ನಡೆದಿತ್ತು. ಈಸಲು ಎದ್ದಿತು. ದೀಪಕ್ಕೆ ಬಿತ್ತು, ಕೋಸಂಬರಿಗೆ ಬಿತ್ತು, ಸುಧೀಂದ್ರನ ಹೆಂಡತಿ ಜಲಜಾಳ ಜಡೆಗೂ ಹೊಕ್ಕಿತು. ನಾಗಪ್ಪನಿಗೆ ತೊಂದರೆಯಾಗದಂತೆ ಬರೀ ಹುಳಕ್ಕೆ ಔಷಧಿ ಹೊಡೆಸೋಣ ಎಂದು ಸುಧೀಂದ್ರ ಫೋನ್ ತೆಗೆದ.

ಇನ್ನೊಂದು ಸುಳ್ಳು ಬೇಕಿತ್ತು. ಅದು ತನ್ನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂದು ಗೊತ್ತಿದ್ದೂ ಆಕೆ ಬಾಯಿ ತೆರೆದಳು.

"ಅವು ನಾಗಪ್ಪನ ಮಕ್ಕಳು ಸಾರ್. ಕೊಂದ್ರೆ ದೋಷ. ಹಿಡಿದ್ರೂ ದೋಷ."

ಫೋನು ಜೇಬಿಗೆ ಹೋಯಿತು. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ಬೋಗುಣಿ ಯಾತಕ್ಕೆ ಎಂದು ಜಲಜಾ ಕೇಳಿದಳು. ದೇವರಿಗೆ ನೀರು ತಂದೆ ಎಂದು ಹೇಳಿ ವೆಂಕಟಲಕ್ಷ್ಮಮ್ಮ ಹುತ್ತದ ಬುಡಕ್ಕೆ ಅದನ್ನು ಸುರಿದಳು. ಸುತ್ತಲೂ ಈಸಲು ಹಾರುತ್ತಲೇ ಇತ್ತು, ಆಕೆಯ ಸೆರಗಿನ ಮೇಲೂ ಕೂತಿತು. ಎಲ್ಲರೂ ನೋಡುತ್ತಿದ್ದರು, ಕೈ ಹಾಕುವ ಹಾಗಿರಲಿಲ್ಲ.

ಮನೆಯಲ್ಲಿ ಬಾಣಲೆ, ಹುರಿಗಡಲೆ, ಉಪ್ಪು, ಖಾರ ಎಲ್ಲ ತಯಾರಿತ್ತು. ಬರೀ ಹುರಿಗಡಲೆಯನ್ನೇ ಬೆರೆಸಿ ಬಾಯಿಗೆ ಹಾಕಿಕೊಂಡಳು. ಅವ್ವ ಸಿಗಲಿಲ್ಲ.